ವರೂಥ: ವಿಯೆಟ್ನಾಮ್ ಯುದ್ಧದಲ್ಲಿ ದಂಡಿನ ಪೋಲೀಸರ ಕವಚವಾಹನ

೧. ಶಬ್ದವಿಚಾರ

ಅಮರಕೋಶದ ಕ್ಷತ್ರಿಯವರ್ಗದಲ್ಲಿ ರಥದ ಅಂಗಗಳನ್ನು ಹೇಳುವೆಡೆ 'ವರೂಥ'ವೆಂಬ ಶಬ್ದವೊಂದು ಬರುವುದು. ಅದಕ್ಕೆ ಅಲ್ಲಿ ಕೊಟ್ಟಿರುವ ಅರ್ಥವು 'ರಥಗುಪ್ತಿ'. ಎಂದರೆ ಶತ್ರುಗಳ ಶಸ್ತ್ರಗಳಿಂದ ರಥವನ್ನು ಕಾಪಾಡುವುದಕ್ಕಾಗಿ ಅದರ ಸುತ್ತ ಕಟ್ಟಿದ ಹೊದಿಕೆ. ಮುಚ್ಚುವುದು, ಆವರಿಸುವುದು ಎಂಬ ಅರ್ಥವುಳ್ಳ ವೃ ಧಾತುವಿನಿಂದ ಈ ಶಬ್ದವು ಹುಟ್ಟಿದೆ. ವರೂಥಗಳುಳ್ಳದ್ದಾದುದರಿಂದ ಸೇನೆಗೆ 'ವರೂಥಿನಿ' ಎಂಬ ಹೆಸರು ಬಂದಿತು. ಕನ್ನಡ ಕವಿಗಳಾದರೋ ಹೊದಿಕೆಯ ಹೆಸರನ್ನು ಹೊದೆದ ವಸ್ತುವಿಗೇ ಸಲ್ಲಿಸಿ, ರಥವೆಂಬ ಅರ್ಥದಲ್ಲಿಯೇ ವರೂಥ ಶಬ್ದವನ್ನು ಪ್ರಯೋಗಿಸಿರುವುದುಂಟು. ಲಾಕ್ಷಣಿಕರು ಇದನ್ನು ಲಕ್ಷಣೆಯೆಂದು ಹೇಳಿ ಮುಂದಕ್ಕೆ ಹೋಗಬಹುದು. ಆದರೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹುಟ್ಟಿದ ಒಂದು ಯುದ್ಧವಾಹನದಲ್ಲಿ ಈ ಲಕ್ಷಣೆಯು ವಾಚ್ಯಾರ್ಥವೇ ಆಗಿ ಪರಿಣಮಿಸಿತು. ಅದರಲ್ಲಿ ರಥಕ್ಕೆ ಹೊದಿಕೆಯನ್ನು ಕಟ್ಟಲಿಲ್ಲ. ಹೊದಿಕೆಯನ್ನೇ ರಥವನ್ನಾಗಿ ಮಾಡಿ ಅದಕ್ಕೆ ಚಕ್ರಗಳನ್ನು ಜೋಡಿಸಿದರು. ಅಮೆರಿಕದ ಕ್ಯಾಡಿಲಾಕ್ ಗೇಜ್ ಸಂಸ್ಥೆಯವರು ನಿರ್ಮಿಸಿದ, 'ವಿ-೧೦೦ ಕಮ್ಯಾಂಡೋ' ಎಂಬ ಹೆಸರಿನ ಆ ವಾಹನವು ವಿಯೆಟ್ನಾಮ್ ಯುದ್ಧದಲ್ಲಿ ದಂಡಿನ ಪೋಲೀಸರ ಕೈಗೆ ಬಂದುದು ಹೇಗೆ, ಅದರ ರಚನೆಯೆಂತಹುದು, ಅದರ ಶಕ್ತಿಯೆಷ್ಟು, ಆ ಶಕ್ತಿಯ ಎಲ್ಲೆ ಯಾವುದು ಎಂಬುದೇ ಪ್ರಕೃತ ಲೇಖನದ ವಿಷಯ.

೨. ದಾರಿಗಾವಲಿನ ಧರ್ಮ

ಯುದ್ಧವಾಹನವು ಪೋಲೀಸರಿಗೇಕೆ ಬೇಕಾಯಿತೆಂಬ ಪ್ರಶ್ನೆಯು ಮೊದಲು ಏಳುವುದು ಸಹಜ. ದಂಡಿನಲ್ಲಿ ಶಿಸ್ತನ್ನು ಕಾಯುವುದು, ತಪ್ಪಿತಸ್ಥ ಸೈನಿಕರನ್ನು ಹಿಡಿಯುವುದು, ಸೆರೆಸಿಕ್ಕ ಶತ್ರುಗಳನ್ನು ಕಾವಲಿನಲ್ಲಿಡುವುದು, ಕೂಡುದಾರಿಗಳಲ್ಲಿ ನಿಂತು ವಾಹನಗಳನ್ನು ನಡೆಸುವುದು, ಇವೇ ಸೈನ್ಯದ ಪೋಲೀಸರ ಕರ್ತವ್ಯಗಳೆಂದು ಸಾಮಾನ್ಯವಾದ ಭಾವನೆ. ಅಮೆರಿಕದ ಸೈನ್ಯದಲ್ಲಿ ಈ ಕೆಲಸಕ್ಕಾಗಿ ಪ್ರತ್ಯೇಕವಾದ ಶಾಶ್ವತ ವಿಭಾಗವು ಏರ್ಪಟ್ಟುದು ೧೯೪೧ನೆಯ ಸಪ್ಟೆಂಬರ್ ೨೬ರಲ್ಲಿ. ಆದರೆ ದಾರಿಯನ್ನು ನಡೆಸುವವನೇ ದಾರಿಯನ್ನು ಕಾಯಬೇಕಾಗುವುದು ಹೊಸ ಮಾತಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಂತಪಾಲನು ಹಾದು ಹೋಗುವ ಸಾರ್ಥಗಳಿಂದ 'ವರ್ತನಿ' ಎಂಬ ದಾರಿಸುಂಕವನ್ನು ತೆಗೆದುಕೊಳ್ಳಬೇಕೆಂದೂ, ದಾರಿಯಲ್ಲಿ ಕಳೆದುಹೋದುದನ್ನೂ ಕಳುವಾದುದನ್ನೂ ಅವನೇ ತುಂಬಿಕೊಡಬೇಕೆಂದೂ ವಿಧಿಯಿದೆ. ದಾರಿಯ ಮೇಲೆ ಯಾರಿಗೆ ಅಧಿಕಾರವೋ ಅದರ ಮೇಲಣ ನಷ್ಟವೂ ಅವರದೇ ಎಂಬುದು ಇದರ ತಾತ್ಪರ್ಯ. ವಿಯೆಟ್ನಾಮಿನಲ್ಲಿ ದಂಡಿನ ಪೋಲೀಸರು ಈ ನ್ಯಾಯದ ಭಾರವನ್ನು ತಮ್ಮ ದೇಹಗಳಿಂದಲೇ ಹೊರಬೇಕಾಯಿತು.

ಆ ಯುದ್ಧದಲ್ಲಿ ಇದು ನಮ್ಮ ಕಡೆ, ಅದು ಶತ್ರುಗಳ ಕಡೆ ಎಂದು ಗೆರೆಯೆಳೆದು ತೋರಿಸಬಲ್ಲ ರಣಮುಖವೊಂದು ಇರಲಿಲ್ಲ. ಸಮುದ್ರತೀರದ ಬಂದರುಗಳಲ್ಲಿ ಇಳಿದ ಆಹಾರ, ಎಣ್ಣೆ, ಮದ್ದುಗುಂಡುಗಳು ನೂರಾರು ಕಿಲೋಮೀಟರು ದೂರದ ಶಿಬಿರಗಳಿಗೆ ಲಾರಿಗಳಲ್ಲಿ ಹೋಗಬೇಕಾಗಿದ್ದಿತು. ಕ್ವಿ ನಾನ್ ಬಂದರಿನಿಂದ ಆನ್ ಖೆ, ಮಾಂಗ್ ಯಾಂಗ್ ಎಂಬ ಎರಡು ಕಣಿವೆಗಳನ್ನು ಹತ್ತಿ ಪ್ಲೇಕು ನಗರವನ್ನು ಸೇರುವ ೧೯ನೆಯ ಹೆದ್ದಾರಿಯು ಇವುಗಳಲ್ಲಿ ಬಹು ಪ್ರಸಿದ್ಧವಾದುದು. ೧೯೫೪ನೆಯ ಜೂನ್ ತಿಂಗಳಲ್ಲಿ ಫ್ರೆಂಚರ 'ಗ್ರೂಪ್ ಮೊಬೀಲ್ ೧೦೦' ಎಂಬ ದಂಡು ಇದೇ ದಾರಿಯಲ್ಲಿ ಹೊಂಚುದಾಳಿಗೆ ಸಿಕ್ಕಿ ಛಿದ್ರವಾಗಿ ಹೋಗಿದ್ದಿತು. ಆ ಪಾಠವು ಹಳೆಯದಾಯಿತೆಂದು ತೋರಿದಾಗ ೧೯೬೭ನೆಯ ಸಪ್ಟೆಂಬರ್ ೨ರಂದು ಅಮೆರಿಕದವರ ಲಾರಿಸಾಲೊಂದು ಅದೇ ದಾರಿಯಲ್ಲಿ ಆನ್ ಖೆಯ ಸಮೀಪದಲ್ಲಿ ದಾಳಿಗೊಳಗಾಯಿತು. ಕೆಲವೇ ನಿಮಿಷಗಳಲ್ಲಿ ಏಳು ಜನರು ಮಡಿದರು. ಮೂವತ್ತಕ್ಕೆ ಮೇಲ್ಪಟ್ಟು ಲಾರಿಗಳು ನಷ್ಟವಾದುವು ಅಥವಾ ಜಖಂಗೊಂಡುವು. ಆ ಸಾಲಿಗೆ ರಕ್ಷಣೆಯಾಗಿದ್ದುದು ಮಷೀನ್ ಗನ್ನುಗಳುಳ್ಳ, ಆದರೆ ಕವಚವಿಲ್ಲದ ಜೀಪುಗಳು ಮಾತ್ರ.

೩. ಕವಚವಿಲ್ಲದ ಕಾವಲು

ಈ ಘಟನೆಯ ತರುವಾಯ ಸಾಗಣೆಯ ಪಟಾಲಮುಗಳವರು ತಮ್ಮ ಲಾರಿಗಳಿಗೆ ಮೊದಲು ಹಲಗೆ, ಮರಳಿನ ಮೂಟೆಗಳನ್ನೂ, ಬಳಿಕ ಉಕ್ಕಿನ ತಗಡುಗಳನ್ನೂ ಕಟ್ಟಿಕೊಂಡು, ನಾಲ್ಕು ಕಡೆಗೂ ಗನ್ನುಗಳನ್ನಿಟ್ಟುಕೊಂಡು, 'ಗನ್ ಟ್ರಕ್' ಎಂಬ ಕೈಗೆಲಸದ ಯುದ್ಧರಥಗಳನ್ನು ನಿರ್ಮಿಸಿಕೊಂಡರು. ಇದು ನಿಜವಾಗಿಯೂ ವರೂಥದ ಹಳೆಯ ಕ್ರಮ. ಇದ್ದ ರಥಕ್ಕೆ ಹೊದಿಕೆಯನ್ನು ಕಟ್ಟುವುದು. ಅದರ ಧೈರ್ಯವು ದೊಡ್ಡದು, ದೋಷವೂ ದೊಡ್ಡದು. ಲಾರಿಯ ಅಡಿಗಟ್ಟು ಸರಕನ್ನು ಹೊರುವುದಕ್ಕಾಗಿ ಹುಟ್ಟಿದುದೇ ಹೊರತು ಉಕ್ಕಿನ ಗೋಡೆಗಳನ್ನಲ್ಲ, ಮೇಲುಗಡೆ ಬಯಲು, ಚಾಲಕನ ಮುಂಭಾಗವು ಅರೆಮುಚ್ಚಿದುದು.

ಪಟ್ಟಣದೊಳಗಣ ಸ್ಥಿತಿಯು ಇದಕ್ಕಿಂತ ಮೇಲಾಗಿರಲಿಲ್ಲ. ೧೯೬೮ನೆಯ ಜನವರಿ ೩೧ರ ನಸುಕಿನಲ್ಲಿ, ಚಾಂದ್ರಮಾನದ ಹೊಸವರ್ಷವಾದ 'ಟೆಟ್' ಹಬ್ಬದ ಸಮಯದಲ್ಲಿ, ಸೈಗಾನ್ ನಗರದ ಮೇಲೆ ಏಕಕಾಲದಲ್ಲಿ ಹಲವೆಡೆ ದಾಳಿಗಳು ನಡೆದುವು. ಅಮೆರಿಕದ ರಾಯಭಾರಿ ಕಚೇರಿಯನ್ನೂ ಅಧಿಕಾರಿಗಳ ವಸತಿಗಳನ್ನೂ ಕಾಯುತ್ತಿದ್ದವರು ೭೧೬ನೆಯ ಪೋಲೀಸು ಪಟಾಲಮಿನವರು. ಅವರ ವಾಹನಗಳು ಜೀಪುಗಳು ಮತ್ತು ತೆರೆದ ಲಾರಿಗಳು. ನೆರವಿಗಾಗಿ ಓಡಿ ಬಂದ ಒಂದು ಲಾರಿಯು ಇಕ್ಕಟ್ಟಾದ ಓಣಿಯೊಂದರಲ್ಲಿ ಸಿಕ್ಕಿಬಿದ್ದು, ಅದರಲ್ಲಿದ್ದವರಲ್ಲಿ ಬಹು ಮಂದಿ ಇಳಿಯುವುದಕ್ಕೆ ಮೊದಲೇ ಹತರಾದರು. ಕಳ್ಳರನ್ನೂ ಕುಡುಕರನ್ನೂ ಹಿಡಿಯುವುದಕ್ಕೆ ಸಾಕಾಗಿದ್ದ ಸಾಧನವು ಕೋವಿಗಳ ಎದುರಿಗೆ ಎಷ್ಟು ನಿಸ್ಸಾರವೆಂಬುದು ಆ ಓಣಿಯಲ್ಲಿ ಪ್ರತ್ಯಕ್ಷವಾಯಿತು. ಪೋಲೀಸರಿಗೆ ಬೇಕಾಗಿದ್ದುದು ಹೆದ್ದಾರಿಯಲ್ಲಿ ಲಾರಿಗಳ ವೇಗಕ್ಕೆ ಹಿಂದೆ ಬೀಳದ, ಓಣಿಯಲ್ಲಿ ತಿರುಗಬಲ್ಲ, ಗುಂಡನ್ನು ತಡೆಯಬಲ್ಲ, ಹತ್ತು ಜನರನ್ನು ಒಳಗಿಟ್ಟುಕೊಳ್ಳಬಲ್ಲ ಒಂದು ವಾಹನ.

ಅದೇ ಕಾಲದಲ್ಲಿ ಸೈನ್ಯವು ಬಳಸುತ್ತಿದ್ದ ಎಂ-೧೧೩ ಎಂಬ ಸರಪಳಿಗಾಲಿಯ ಕವಚವಾಹನವು ಈ ಕೆಲಸಕ್ಕೆ ಒದಗಲಾರದೆ? ಒದಗಬಹುದು, ಆದರೆ ಸರಪಳಿಗಾಲಿಯು ಕೆಸರಿಗೂ ಗದ್ದೆಗೂ ಹೇಳಿಸಿದುದು. ದಿನವೂ ನೂರಾರು ಕಿಲೋಮೀಟರು ಡಾಂಬರಿನ ದಾರಿಯಲ್ಲಿ ಓಡಿದರೆ ಸರಪಳಿಯೂ ಸವೆಯುವುದು, ದಾರಿಯೂ ಸವೆಯುವುದು. ವೇಗವೂ ಲಾರಿಗಳ ಸಾಲಿನ ಹಿಂದೆ ಮುಂದೆ ಓಡಾಡುವುದಕ್ಕೆ ಸಾಲದು. ದಾರಿಯನ್ನು ಕಾಯುವವನಿಗೆ ದಾರಿಯ ಮೇಲೆ ಓಡುವ ಗಾಲಿಯೇ ತಕ್ಕುದು.

೪. ವಾಹನದ ರಚನೆ

ಕ್ಯಾಡಿಲಾಕ್ ಗೇಜ್ ಸಂಸ್ಥೆಯು ಮಿಶಿಗನ್ ಪ್ರಾಂತದ ವಾರೆನ್ ನಗರದಲ್ಲಿದ್ದಿತು. ವಿ-೧೦೦ರ ಮೊದಲನೆಯ ಮಾದರಿಯು ೧೯೬೩ರಲ್ಲಿ ಸಿದ್ಧವಾಗಿ, ಮರುವರ್ಷ ಉತ್ಪಾದನೆಯು ಪ್ರಾರಂಭವಾಯಿತು. ಅಮೆರಿಕದ ಸೈನ್ಯವು ಇದಕ್ಕೆ ಎಕ್ಸ್‌ಎಂ-೭೦೬ ಎಂಬ ಸಂಜ್ಞೆಯನ್ನು ಕೊಟ್ಟಿತು. ದಂಡಿನ ಪೋಲೀಸರು ಹೆಚ್ಚಾಗಿ ಬಳಸಿದುದು ಅದರ ಪರಿಷ್ಕೃತ ರೂಪವಾದ ಎಕ್ಸ್‌ಎಂ-೭೦೬-ಇ೧. ನೀರಿನಲ್ಲಿಯೂ ಈಜುವ, ಮೂತಿ ಚೂಪಾದ ಇದರ ಆಕಾರವನ್ನು ಕಂಡ ಸಿಪಾಯಿಗಳು ಇದಕ್ಕೆ 'ಬಾತುಕೋಳಿ' ಎಂಬ ಅಡ್ಡಹೆಸರನ್ನಿಟ್ಟರು.

ಮೊದಲನೆಯದಾಗಿ ಇದರ ಕಾಯ. ಸಾಧಾರಣವಾದ ಮೋಟಾರು ಬಂಡಿಯಲ್ಲಿ ಉದ್ದುದ್ದವಾದ ಎರಡು ಉಕ್ಕಿನ ತೊಲೆಗಳ ಅಡಿಗಟ್ಟಿರುವುದು. ಅದರ ಮೇಲೆ ಮೈಯನ್ನು ಕೂರಿಸುವರು. ಇದರಲ್ಲಿ ಹಾಗಲ್ಲ. ಕವಚದ ಹಲಗೆಗಳನ್ನೇ ಬೆಸೆದು ಪೆಟ್ಟಿಗೆಯನ್ನು ಮಾಡಿ, ಆ ಪೆಟ್ಟಿಗೆಯೇ ಎಲ್ಲ ಭಾರವನ್ನೂ ಹೊರುವಂತೆ ಮಾಡಿರುವರು. ಹೀಗೆ ಏಕಕಾಯವಾದುದರಿಂದ ಅಡಿಗಟ್ಟಿನ ತೂಕವು ಉಳಿಯಿತು; ಉಳಿದ ತೂಕವು ಕವಚಕ್ಕೆ ಸಂದಿತು. ಆರಂಭದಲ್ಲಿ ಹೇಳಿದಂತೆ ವರೂಥವೇ ರಥವಾದುದು ಇಲ್ಲಿಯೇ.

ಎರಡನೆಯದು ಉಕ್ಕು. 'ಕ್ಯಾಡಲಾಯ್' ಎಂಬ ಹೆಸರಿನ, ಬಹು ಗಡಸಾದ ಮಿಶ್ರಲೋಹದ ಹಲಗೆಗಳನ್ನು ಇದಕ್ಕೆ ಬಳಸಿದರು. ಅವುಗಳ ದಪ್ಪವು ಸುಮಾರು ೬.೩ ಮಿಲಿಮೀಟರು ಮಾತ್ರ. ಇಷ್ಟು ತೆಳುವಾದುದು ೭.೬೨ ಮಿಲಿಮೀಟರಿನ ಕೋವಿಗುಂಡನ್ನು ಹೇಗೆ ತಡೆದೀತೆಂದರೆ, ಅದಕ್ಕೆ ಎರಡು ಕಾರಣಗಳುಂಟು. ಮೆತ್ತನೆಯ ಉಕ್ಕು ಗುಂಡಿನ ವೇಗವನ್ನು ತನ್ನ ದಪ್ಪದಲ್ಲಿ ನುಂಗುವುದು. ಗಡಸಾದ ಉಕ್ಕು ಗುಂಡನ್ನು ತನ್ನ ಮೇಲ್ಮೈಯಲ್ಲಿಯೇ ಚಪ್ಪಟೆಯಾಗಿಸಿ ಒಡೆಯುವುದು. ಇದು ಮೊದಲನೆಯ ಕಾರಣ. ಹಲಗೆಗಳನ್ನು ನೇರವಾಗಿ ನಿಲ್ಲಿಸದೆ ಓರೆಯಾಗಿ ಜೋಡಿಸಿರುವುದು ಎರಡನೆಯದು. ೪೫ ಅಂಶಗಳಷ್ಟು ಓರೆಯಾದ ಹಲಗೆಯನ್ನು ನೇರವಾಗಿ ಬಂದ ಗುಂಡು ಭೇದಿಸಬೇಕಾದರೆ ಅದು ಹಾಯಬೇಕಾದ ದೂರವು ಹಲಗೆಯ ದಪ್ಪಕ್ಕಿಂತ ಸುಮಾರು ೧.೪ ಪಾಲು ಹೆಚ್ಚುವುದು, ೬.೩ ಮಿಲಿಮೀಟರಿನ ಹಲಗೆಯು ಸುಮಾರು ೯ ಮಿಲಿಮೀಟರಿನಂತೆ ವರ್ತಿಸುವುದು. ಅಲ್ಲದೆ ಓರೆಯಾದ ಮೈಮೇಲೆ ಬಿದ್ದ ಗುಂಡು ಜಾರಿ ಬೇರೆಡೆಗೆ ಹಾರುವ ಸಂಭವವೂ ಅಧಿಕ.

ಮೂರನೆಯದು ಒಳಗಣ ವಿನ್ಯಾಸ. ವಾಹನದ ಉದ್ದವು ಸುಮಾರು ೫.೭ ಮೀಟರು, ಅಗಲವು ಸುಮಾರು ೨.೨೫ ಮೀಟರು, ಯುದ್ಧಸನ್ನದ್ಧವಾದಾಗ ತೂಕವು ಸುಮಾರು ೭.೪ ಟನ್ನು. ಮುಂದುಗಡೆ ಎಡಕ್ಕೆ ಚಾಲಕನ ಸ್ಥಾನ, ಅವನ ಬಲಕ್ಕೆ ಇನ್ನೊಬ್ಬನ ಸ್ಥಾನ. ನಡುವೆ ಮೇಲ್ಗಡೆ ಸುತ್ತಲೂ ತಿರುಗುವ ಗೋಪುರ. ಹಿಂದುಗಡೆ ಎಡಕ್ಕೆ ಯಂತ್ರ. ಎರಡು ಪಕ್ಕಗಳಲ್ಲಿ ಒಂದೊಂದು ಬಾಗಿಲು, ಹಿಂದೆ ಬಲಕ್ಕೆ ಮತ್ತೊಂದು. ಪಕ್ಕದ ಬಾಗಿಲುಗಳು ಅಡ್ಡಲಾಗಿ ಎರಡು ಭಾಗಗಳಾಗಿ ತೆರೆಯುವುವು. ಕೆಳಭಾಗವು ಹೊರಕ್ಕೆ ಬಾಗಿ ಮೆಟ್ಟಿಲಾಗುವುದು. ಸೈಗಾನಿನ ಓಣಿಯ ಘಟನೆಯನ್ನು ನೆನೆದವರಿಗೆ ಈ ಬಾಗಿಲುಗಳ ಬೆಲೆಯು ತಾನಾಗಿಯೇ ತಿಳಿಯುವುದು. ದಾಳಿಯು ಯಾವ ಪಕ್ಕದಿಂದ ಬಂದರೂ ಒಳಗಿನವರು ಮತ್ತೊಂದು ಪಕ್ಕದಿಂದ ಇಳಿಯಬಹುದು. ಸುತ್ತಲೂ ದಪ್ಪಗಾಜಿನ ನೋಟಗಂಡಿಗಳೂ, ಅವುಗಳ ಬಳಿ ಕೋವಿಯ ಮೂತಿಯನ್ನು ತೂರಿಸುವ ರಂಧ್ರಗಳೂ ಉಂಟು.

ನಾಲ್ಕನೆಯದು ಚಲನಶಕ್ತಿ. ಸುಮಾರು ೨೦೦ ಅಶ್ವಶಕ್ತಿಯ, ಎಂಟು ಕೊಳವೆಗಳ ಕ್ರೈಸ್ಲರ್ ಪೆಟ್ರೋಲು ಯಂತ್ರವು ನಾಲ್ಕು ಚಕ್ರಗಳನ್ನೂ ತಿರುಗಿಸುವುದು. ಅಚ್ಚುಗಳು ಸೈನ್ಯದ ಎರಡೂವರೆ ಟನ್ನಿನ ಲಾರಿಯ ಅಚ್ಚುಗಳ ಜಾತಿಯವು. ಇದರಿಂದ ಬಿಡಿಭಾಗಗಳು ಎಲ್ಲ ಶಿಬಿರಗಳಲ್ಲಿಯೂ ದೊರೆಯುವುವೆಂಬ ಅನುಕೂಲವಿದ್ದಿತು. ಒಳ್ಳೆಯ ದಾರಿಯಲ್ಲಿ ಗಂಟೆಗೆ ಸುಮಾರು ೧೦೦ ಕಿಲೋಮೀಟರು ವೇಗ. ಟೈರುಗಳು ಗುಂಡು ತಗುಲಿ ಗಾಳಿ ಹೋದರೂ ಕುಸಿಯದೆ ಹತ್ತಾರು ಕಿಲೋಮೀಟರು ಓಡಬಲ್ಲುವು. ಹೊಂಚುದಾಳಿಯಲ್ಲಿ ಮೊದಲು ನಿಂತುಹೋದ ವಾಹನವೇ ಮೊದಲು ಸಾಯುವುದಾದುದರಿಂದ ಇದು ಅಲ್ಪವಾದ ಗುಣವಲ್ಲ. ನೀರಿನಲ್ಲಿ ಯಾವ ಸಿದ್ಧತೆಯೂ ಇಲ್ಲದೆ ಈ ವಾಹನವು ತೇಲುವುದು. ೭.೪ ಟನ್ನಿನ ವಸ್ತುವು ತೇಲಬೇಕಾದರೆ ೭.೪ ಘನಮೀಟರು ನೀರನ್ನು ಪಕ್ಕಕ್ಕೆ ತಳ್ಳಬೇಕು. ಮುಚ್ಚಿದ ಪೆಟ್ಟಿಗೆಯ ಗಾತ್ರವು ಅದಕ್ಕೆ ಸಾಕಾಗುವುದು. ಆದರೆ ಹುಟ್ಟಾಗಲಿ ತಿರುಗುರೆಕ್ಕೆಯಾಗಲಿ ಇಲ್ಲ; ತಿರುಗುವ ಚಕ್ರಗಳ ಟೈರುಗಳೇ ನೀರನ್ನು ತಳ್ಳುವುದರಿಂದ ವೇಗವು ಗಂಟೆಗೆ ೫ ಕಿಲೋಮೀಟರಿಗೆ ಮೀರದು. ನಿಂತ ನೀರಿನ ಕಾಲುವೆಗೆ ಇದು ಸರಿ. ರಭಸದ ಹೊಳೆಗೆ ಅಲ್ಲ.

ಐದನೆಯದು ಆಯುಧ. ಗೋಪುರದಲ್ಲಿ ಜೊತೆಯಾಗಿ ಎರಡು ಮಷೀನ್ ಗನ್ನುಗಳನ್ನು ಇಟ್ಟಿರುವರು. ಗೋಪುರವನ್ನು ತಿರುಗಿಸುವುದಕ್ಕೆ ಯಂತ್ರಶಕ್ತಿಯಿಲ್ಲ, ಕೈಯಿಂದಲೇ ತಿರುಗಿಸಬೇಕು. ವಿಮಾನಪಡೆಯವರು ತಮ್ಮ ನಿಲ್ದಾಣಗಳ ಕಾವಲಿಗಾಗಿ ಗೋಪುರವಿಲ್ಲದ, ಮೇಲ್ಭಾಗವು ತೆರೆದ ಎಕ್ಸ್‌ಎಂ-೭೦೬-ಇ೨ ಎಂಬ ಇನ್ನೊಂದು ಬಗೆಯನ್ನು ತರಿಸಿಕೊಂಡರು. ವಿಶಾಲವಾದ ಬಯಲಿನ ಅಂಚನ್ನು ಸುತ್ತುವ ಕಾವಲುಗಾರನಿಗೆ ನೋಟವು ಕವಚಕ್ಕಿಂತ ಹೆಚ್ಚು ಉಪಯುಕ್ತವೆಂಬ ವಿವೇಚನೆಯು ಇದರಲ್ಲಿ ತೋರುವುದು.

೫. ಪ್ರಯೋಗ

೧೯೬೬ರಲ್ಲಿ ವಿಯೆಟ್ನಾಮಿಗೆ ಬಂದ ೧೮ನೆಯ ಪೋಲೀಸು ಬ್ರಿಗೇಡಿನ ಅಧೀನದಲ್ಲಿದ್ದ ಪಟಾಲಮುಗಳಲ್ಲಿ ಈ ವಾಹನಗಳು ಹಂಚಿಕೆಯಾದುವು. ಲಾರಿಸಾಲಿನ ರಕ್ಷಣೆಯೇ ಅವುಗಳ ಮುಖ್ಯ ಕೆಲಸ. ಮುಂದೆ ಒಂದು, ಹಿಂದೆ ಒಂದು, ಸಾಲು ಉದ್ದವಾದರೆ ನಡುವೆ ಇನ್ನೊಂದು, ಹೀಗೆ ಅವು ಓಡುತ್ತಿದ್ದುವು. ದಾಳಿಯಾದಾಗ ಲಾರಿಗಳು ನಿಲ್ಲದೆ ಮುಂದಕ್ಕೆ ಓಡಬೇಕು, ಕವಚವಾಹನವು ದಾಳಿಯ ಸ್ಥಳಕ್ಕೆ ಬಂದು ನಿಂತು ಗುಂಡನ್ನು ತನ್ನ ಮೈಮೇಲೆ ಎಳೆದುಕೊಳ್ಳಬೇಕು. ಗಾಯಗೊಂಡವರನ್ನು ಬೆಂಕಿಯ ನಡುವಿನಿಂದ ಎತ್ತಿ ತರುವುದಕ್ಕೂ ಪಕ್ಕದ ಬಾಗಿಲುಗಳು ಒದಗಿದುವು. ಲಾಂಗ್ ಬಿನ್ ಎಂಬ ಮಹಾಶಿಬಿರದ ಸುತ್ತಲಿನ ಹಳ್ಳಿಗಳ ಪ್ರದೇಶವನ್ನು ೧೯೬೭ರಿಂದ ಕಾದ ೭೨೦ನೆಯ ಪಟಾಲಮಿನಂತಹವುಗಳಿಗೆ ಗಸ್ತಿನ ಕಾರ್ಯದಲ್ಲಿಯೂ ಇವು ನೆರವಾದುವು.

೬. ದೋಷವಿಚಾರ

ಯಾವ ಕವಚವೂ ಎಲ್ಲ ಶಸ್ತ್ರಗಳಿಗೂ ಉತ್ತರವಲ್ಲ. ಕೋವಿಗುಂಡನ್ನು ಎದುರಿಸಿದ ೬.೩ ಮಿಲಿಮೀಟರಿನ ಉಕ್ಕು, ಒಬ್ಬ ಸಿಪಾಯಿಯು ಹೆಗಲ ಮೇಲಿಟ್ಟು ಹಾರಿಸುವ ಆರ್‌ಪಿಜಿ ಎಂಬ ರಾಕೆಟ್ಟಿನ ಎದುರಿಗೆ ಕಾಗದದಂತೆಯೇ ಸರಿ. ಆ ರಾಕೆಟ್ಟಿನ ತಲೆಯಲ್ಲಿರುವ ಸಿಡಿಮದ್ದು ಲೋಹದ ತೆಳುವಾದ ಧಾರೆಯನ್ನು ಚಿಮ್ಮಿಸಿ ೧೫೦ ಮಿಲಿಮೀಟರಿಗೂ ಮೇಲ್ಪಟ್ಟ ಉಕ್ಕನ್ನು ಕೊರೆಯಬಲ್ಲುದು. ದಾರಿಯಲ್ಲಿ ಹೂತ ನೆಲಬಾಂಬುಗಳು ಅಡಿಯಿಂದ ಹೊಡೆದುವು. ಲಾರಿಯಿಂದ ತಂದ ಅಚ್ಚುಗಳು ಈ ತೂಕವನ್ನು ಕೆಟ್ಟ ದಾರಿಗಳಲ್ಲಿ ಹೊರಲಾರದೆ ಮುರಿಯತೊಡಗಿದುವು. ಗೋಪುರದ ಎಂ-೭೩ ಎಂಬ ಮಷೀನ್ ಗನ್ನು ಪದೇ ಪದೇ ಸಿಕ್ಕಿಕೊಳ್ಳುತ್ತಿದ್ದುದರಿಂದ ಅಪಕೀರ್ತಿಯನ್ನು ಪಡೆಯಿತು. ಪೆಟ್ರೋಲಿನ ಯಂತ್ರವು ಬೆಂಕಿಗೆ ಸುಲಭವಾದ ತುತ್ತು. ಮುಚ್ಚಿದ ಉಕ್ಕಿನ ಪೆಟ್ಟಿಗೆಯೊಳಗಣ ಸೆಕೆಯನ್ನಂತೂ ಹೇಳಬೇಕಾಗಿಲ್ಲ.

ಇವುಗಳಲ್ಲಿ ಕೆಲವು ತಿದ್ದಬಹುದಾದ ದೋಷಗಳು. ೧೯೭೧ರಲ್ಲಿ ಬಂದ ವಿ-೧೫೦ ಎಂಬ ಮುಂದಿನ ರೂಪದಲ್ಲಿ ಹೆಚ್ಚು ಬಲವಾದ ಅಚ್ಚುಗಳನ್ನು ಹಾಕಿ, ಡೀಸೆಲ್ ಯಂತ್ರಕ್ಕೂ ಅವಕಾಶ ಮಾಡಿದರು. ಉಳಿದವು ತಿದ್ದಲಾಗದವು, ಏಕೆಂದರೆ ಅವು ಗುಣಗಳ ನೆರಳುಗಳು. ಕವಚವನ್ನು ದಪ್ಪಗೊಳಿಸಿದರೆ ತೂಕ ಹೆಚ್ಚುವುದು. ತೂಕ ಹೆಚ್ಚಿದರೆ ವೇಗವೂ ತೇಲುವಿಕೆಯೂ ಹೋಗುವುವು. ವೇಗ ಹೋದರೆ ಅದು ಲಾರಿಸಾಲಿನ ಕಾವಲಿಗೆ ಬಾರದು. ರಕ್ಷಣೆ, ಗತಿ, ಪ್ರಹಾರ ಎಂಬ ಮೂರರಲ್ಲಿ ಒಂದನ್ನು ಬೆಳೆಸುವಾಗ ಮತ್ತೆರಡರಿಂದ ಕಡವನ್ನು ತರಲೇಬೇಕು.

೭. ಮುಂದಣ ಕಥೆ

೧೯೭೩ರಲ್ಲಿ ಅಮೆರಿಕದ ದಂಡು ಹಿಂದಿರುಗಿತು. ದಕ್ಷಿಣ ವಿಯೆಟ್ನಾಮಿನ ಸೈನ್ಯಕ್ಕೆ ಕೊಟ್ಟಿದ್ದ ವಿ-೧೦೦ಗಳಲ್ಲಿ ಹಲವು ೧೯೭೫ರಲ್ಲಿ ವಿಜೇತರ ಕೈಸೇರಿದುವು. ಕವಚವು ತನ್ನೊಳಗೆ ಕುಳಿತವನ ಪಕ್ಷವನ್ನು ಕೇಳುವುದಿಲ್ಲ. ದಂಡಿನ ಪೋಲೀಸರು ತೆರೆದ ಜೀಪುಗಳಿಗೆ ಹಿಂದಿರುಗಿದರು; ಅವರಿಗಾಗಿಯೇ ರಚಿತವಾದ ಎಂ-೧೧೧೭ ಎಂಬ ಕವಚವಾಹನವು ಅವರ ಕೈಗೆ ಬರುವ ವೇಳೆಗೆ ೨೦ನೆಯ ಶತಮಾನವು ಮುಗಿಯುತ್ತ ಬಂದಿದ್ದಿತು. ಇದು ವಿ-೧೦೦ರ ವಂಶದಲ್ಲಿಯೇ ಹುಟ್ಟಿದುದು; ತೂಕದಲ್ಲಿ ಅದಕ್ಕಿಂತ ಬಹು ಹೆಚ್ಚು, ಚಕ್ರದಡಿಯ ನೆಲಬಾಂಬನ್ನು ತಾಳುವಂತೆ ಕಟ್ಟಿದುದು. ಇದರ ಗೋಪುರದಲ್ಲಿ ೪೦ ಮಿಲಿಮೀಟರಿನ ಗ್ರೆನೇಡುಗಳನ್ನು ಹಾರಿಸುವ ಯಂತ್ರವೂ ಒಂದು ಭಾರಿಯ ಮಷೀನ್ ಗನ್ನೂ ಉಂಟು. ಮಿತವ್ಯಯದ ಕಾರಣದಿಂದ ಅದನ್ನು ಹೆಚ್ಚಾಗಿ ಕೊಳ್ಳದೆ ನಿಲ್ಲಿಸಬೇಕೆಂಬ ಆಲೋಚನೆಯು ನಡೆದಿರುವಾಗಲೇ ೨೦೦೩ರಲ್ಲಿ ಇರಾಕಿನ ಯುದ್ಧವು ಆರಂಭವಾಗಿ, ದಾರಿಯೇ ಪುನಃ ರಣಭೂಮಿಯಾಯಿತು. ಬಿಟ್ಟುಹೋಗಬೇಕಾಗಿದ್ದ ವಾಹನವನ್ನು ನೂರುಗಟ್ಟಲೆಯಾಗಿ ತರಿಸಬೇಕಾಯಿತು. ೧೯೫೪ರ ಪಾಠವು ೧೯೬೭ರಲ್ಲಿ ಮರೆತುಹೋಗಿದ್ದಂತೆ, ೧೯೬೭ರ ಪಾಠವು ೨೦೦೩ರ ವೇಳೆಗೆ ಮರೆತುಹೋಗಿದ್ದಿತು.

೮. ಉಪಸಂಹಾರ

ಸೈನಿಕನಿಗೂ ಪೋಲೀಸಿನವನಿಗೂ ಇರುವ ಭೇದವು ಆಯುಧದಲ್ಲಿಲ್ಲ, ದೃಷ್ಟಿಯಲ್ಲಿದೆ. ಸೈನಿಕನ ಎದುರಿಗಿರುವವನು ಶತ್ರು. ಪೋಲೀಸಿನವನ ಎದುರಿಗಿರುವವನು ತಪ್ಪಿತಸ್ಥನೋ ನಿರಪರಾಧಿಯೋ ಎಂಬುದು ವಿಚಾರಿಸಿದ ಹೊರತು ತಿಳಿಯದು. ವಿಚಾರಿಸಬೇಕಾದರೆ ಹತ್ತಿರ ಹೋಗಬೇಕು, ಮುಖವನ್ನು ನೋಡಬೇಕು, ಮಾತನ್ನು ಕೇಳಬೇಕು. ಉಕ್ಕಿನ ಪೆಟ್ಟಿಗೆಯೊಳಗಿನವನು ಬೆರಳಗಲದ ಗಾಜಿನ ಕಿಂಡಿಯಿಂದ ದಾರಿಯ ಪಕ್ಕದ ರೈತನನ್ನು ನೋಡುವಾಗ ಅವನ ಕೈಯಲ್ಲಿರುವುದು ಗುದ್ದಲಿಯೋ ರಾಕೆಟ್ಟೋ ಎಂಬುದನ್ನು ಕ್ಷಣದಲ್ಲಿ ನಿರ್ಧರಿಸಬೇಕಾಗುವುದು. ಕವಚವು ಪೋಲೀಸಿನವನ ಪ್ರಾಣವನ್ನು ಉಳಿಸುವಾಗ ಅವನ ಪೋಲೀಸುತನದಲ್ಲಿ ಕೆಲವಂಶವನ್ನು ಕಳೆಯುವುದು. ಹಾಗೆಂದು ತೆರೆದ ಲಾರಿಯಲ್ಲಿ ಅವನನ್ನು ಓಣಿಗೆ ಕಳುಹಿಸುವುದು ಧರ್ಮವೆನ್ನುವವರಾರು? ಈ ಸಂಕಟಕ್ಕೆ ಯಂತ್ರಶಿಲ್ಪಿಯು ಉತ್ತರವನ್ನು ಕೊಡಲಾರನು. ಆತನು ಬಾಗಿಲುಗಳನ್ನು ಮಾತ್ರ ಅಗಲವಾಗಿ ಮಾಡಿಕೊಡಬಲ್ಲನು. ಅವುಗಳನ್ನು ಯಾವಾಗ ತೆರೆಯಬೇಕೆಂಬುದು ಒಳಗಿನವರ ವಿವೇಕ.

ಅಂತಹ ವಿವೇಕಕ್ಕೆ ಉದಾಹರಣೆಯೂ ಇಲ್ಲದೆ ಹೋಗಿಲ್ಲ. ವಿ-೧೦೦ನ್ನು ಬಹಳವಾಗಿ ಹೋಲುವ 'ಶೈಮಿತ್' ಎಂಬ ವಾಹನವು ಪೋರ್ತುಗಾಲಿನಲ್ಲಿ ನಿರ್ಮಿತವಾಗುತ್ತಿದ್ದಿತು. ೧೯೭೪ನೆಯ ಏಪ್ರಿಲ್ ೨೫ರಂದು ಲಿಸ್ಬನ್ ನಗರದಲ್ಲಿ ಸೈನಿಕರು ದಂಗೆಯೆದ್ದು ಸರ್ವಾಧಿಕಾರವನ್ನು ಕೆಳಗಿಳಿಸಿದಾಗ, ಪ್ರಧಾನಿಯಾಗಿದ್ದ ಮಾರ್ಸೆಲೊ ಕೈತಾನೊ ಎಂಬಾತನು ಕಾರ್ಮೊ ಎಂಬಲ್ಲಿಯ ಕಾವಲುಪಡೆಯ ಠಾಣೆಯಲ್ಲಿ ಆಶ್ರಯ ಪಡೆದು ಅಲ್ಲಿಯೇ ಶರಣಾದನು. ಹೊರಗೆ ರೊಚ್ಚಿಗೆದ್ದ ಜನಸಮುದಾಯವು ಕಿಕ್ಕಿರಿದಿದ್ದಿತು. ಗೆದ್ದ ಸೈನಿಕರು ಸೋತವನನ್ನು 'ಬುಲಾ' ಎಂಬ ಹೆಸರಿನ ಒಂದು ಶೈಮಿತ್ ವಾಹನದೊಳಗೆ ಕೂರಿಸಿ, ಆ ಜನಸಮುದ್ರದ ನಡುವೆ ನಿಧಾನವಾಗಿ ಸಾಗಿಸಿ, ಸುರಕ್ಷಿತವಾಗಿ ಕೊಂಡೊಯ್ದರು. ಅಂದು ಉಕ್ಕಿನ ಹಲಗೆಯು ಕಾಪಾಡಿದುದು ಗೆದ್ದವರ ಪ್ರಾಣವನ್ನಲ್ಲ, ಸೋತವನ ಪ್ರಾಣವನ್ನು. ಅವನೊಡನೆ ಗೆದ್ದವರ ಮಾನವನ್ನೂ ಕಾಪಾಡಿತು. ರಥಗುಪ್ತಿಯೆಂಬ ಶಬ್ದದಲ್ಲಿ ಗುಪ್ತಿಯೆಂದರೆ ರಕ್ಷಣೆ. ಯಾರ ರಕ್ಷಣೆಯೆಂದು ಕೋಶಕಾರನು ಹೇಳಿಲ್ಲ.